ಕಲ್ಲು ಕೊಟ್ಟವರಿಗೆ ಬಂದ ಕಾಗದ

“ಯಜಮಾನರೇ, ತಾವು ಕಾದಂಬರಿ ಬರೆಯಲು ಯಾವಾಗ ತೊಡಗಿದಿರಿ?”

ಬಂಟ್ವಾಳ ಪೇಟೆಯ ಲೆಕ್ಕಪರಿಶೋಧಕರೊಬ್ಬರು ಕನ್ನಡಕವನ್ನು ಹಣೆಗೇರಿಸಿ ಹೀಗೆ ಕೇಳಿದಾಗ, ಎದುರಿನ ಬೆಂಚಿನಲ್ಲಿ ಕುಳಿತಿದ್ದ ಕೃಷಿಕರಿಗೆ ನಗಬೇಕೋ ಗಾಬರಿಪಡಬೇಕೋ ತಿಳಿಯಲಿಲ್ಲ. ಹೊರಗೆ ಭಾದ್ರಪದದ ಮಳೆ ಹಂಚಿನ ಮಾಡನ್ನು ಬಡಿಯುತ್ತಿತ್ತು. ವೇಣೂರಿನ ಕಡೆಯಿಂದ ಮೊದಲ ಬಸ್ಸಿಗೆ ಹೊರಟು ಬಂದವರ ಒದ್ದೆ ಕೊಡೆ ಬಾಗಿಲ ಮೂಲೆಯಲ್ಲಿ ನೀರು ಸುರಿಸುತ್ತಿತ್ತು.

“ನಾನೋ? ಅಂಚೆ ಕಾಗದ ಬರೆಯುವುದೇ ವರ್ಷಕ್ಕೊಮ್ಮೆ, ಮಾರಾಯರೇ!”

“ಹಾಗಾದರೆ ಈ ಕಾಗದ ಬೇರೆಯೇ ಹೇಳುತ್ತದೆ. ತಮಗೆ ಮೂರು ಲಕ್ಷದ ಅರುವತ್ತು ಸಾವಿರ ರೂಪಾಯಿ ಸಂದದ್ದು ಗ್ರಂಥಕರ್ತರಿಗೋ, ವೈದ್ಯರಿಗೋ, ವಕೀಲರಿಗೋ ಸಲ್ಲುವ ಬಗೆಯ ಹಣವಂತೆ.”

ಜತೆಗೆ ಬಂದಿದ್ದ ಮಗಳು ಕಾಗದವನ್ನು ತಂದೆಯ ಕೈಯಿಂದ ತೆಗೆದುಕೊಂಡು ಓದಿದಳು. ಮೂಡುಬಿದಿರೆಯ ಕಾಲೇಜಿನಲ್ಲಿ ಓದುತ್ತಿದ್ದ ಹುಡುಗಿ. ಅವಳ ಮುಂದಿನ ಕಂತಿನ ಫೀಸು ಈ ಕಾಗದವನ್ನೇ ನಂಬಿಕೊಂಡಿತ್ತು. “ಅಪ್ಪಾ, ಇದು ನಮ್ಮ ಕಲ್ಲಿನ ಹಣ. ಗುತ್ತಿಗೆದಾರರು ‘ರಾಯಲ್ಟಿ’ ಎಂದು ಬರೆಸಿದ್ದಾರೆ. ಅದಕ್ಕೇ ಹೀಗಾಗಿದೆ” ಎಂದಳು.

ಲೆಕ್ಕಪರಿಶೋಧಕರು ತಲೆದೂಗಿದರು. ಹುಡುಗಿ ರೋಗದ ಮೂಲವನ್ನು ಹಿಡಿದಿದ್ದಳು.

ಈ ತಂದೆ ಮಗಳು ಕಲ್ಪಿತರು. ಆದರೆ ಅವರ ಕೈಯಲ್ಲಿದ್ದ ಕಾಗದ ಕಲ್ಪಿತವಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಗಳಲ್ಲಿ ಅಡಿಕೆ ತೋಟದ ಮೇಲುಗಡೆ ಒಂದಿಷ್ಟು ಕಲ್ಲುಪಾರೆ ಇರುವ ಯಾವ ಸಂಸಾರಕ್ಕಾದರೂ ಅಂಥದೊಂದು ಕಾಗದ ಬರಬಹುದು. ತಪ್ಪು ಯಾರದೇ ಇರಲಿ, ನೋಟೀಸು ಬರುವುದು ಮಾತ್ರ ಹಣ ಪಡೆದವನ ಹೆಸರಿಗೆ.

ಮುರಕಲ್ಲಿನ ನಾಡು

ತುಳುನಾಡಿನ ಮನೆಯ ಗೋಡೆಯೆಂದರೆ ಮುರಕಲ್ಲು, ಮಾಡೆಂದರೆ ಮಂಗಳೂರು ಹಂಚು. ೧೮೬೫ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಹುಲ್ಲಿನ ಮಾಡು ಮೆಲ್ಲಗೆ ಹಿಂದೆ ಸರಿಯಿತು. ಆದರೆ ಗೋಡೆಯ ಕಲ್ಲು ಮೊದಲಿನದೇ ಉಳಿಯಿತು. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲ್ಲಿಮೀಟರು ಮಳೆ ಸುರಿಯುವ ಈ ನೆಲದಲ್ಲಿ ಯುಗಯುಗಗಳ ನೀರು ಮಣ್ಣಿನ ಮರಳಂಶವನ್ನು ತೊಳೆದುಕೊಂಡು ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಮಿನ ಅಂಶವನ್ನು ಉಳಿಸಿದೆ. ಆ ಉಳಿಕೆಯೇ ಕೆಂಪು ಮುರಕಲ್ಲು. ನೆಲದೊಳಗಿರುವಾಗ ಇದು ಮೃದು, ಹತಾರಿಗೆ ಸುಲಭವಾಗಿ ಬಗ್ಗುತ್ತದೆ. ಕಡಿದು ಗಾಳಿಬಿಸಿಲಿಗೆ ಒಡ್ಡಿದರೆ ಗಟ್ಟಿಯಾಗುತ್ತದೆ.

೧೮೦೦–೧೮೦೧ರಲ್ಲಿ ಮೈಸೂರು, ಕನ್ನಡ ಜಿಲ್ಲೆ ಮತ್ತು ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಈ ಗುಣವನ್ನು ಕಂಡು ಬೆರಗಾಗಿ, ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಇದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ೧೮೦೭ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಿಂದ ಆ ಹೆಸರು ಪ್ರಪಂಚದ ಭೂವಿಜ್ಞಾನಕ್ಕೆಲ್ಲ ಹಬ್ಬಿತು. ಅವನು ಹೆಸರಿಟ್ಟ ಸ್ಥಳವಾದ ಮಲಬಾರಿನ ಅಂಗಾಡಿಪುರದಲ್ಲಿ ೧೯೭೯ರಲ್ಲಿ ಒಂದು ಸ್ಮಾರಕವೂ ನಿಂತಿತು.

ದೇವರಿಗೆ ಕಗ್ಗಲ್ಲು, ಮನುಷ್ಯರಿಗೆ ಮುರಕಲ್ಲು ಎಂಬಂತೆ ಈ ಸೀಮೆಯ ಹಂಚಿಕೆ. ೧೬೦೪ರಲ್ಲಿ ವೇಣೂರಿನಲ್ಲಿ ನಿಂತ ಗೊಮ್ಮಟನೂ ೧೪೩೦ರಲ್ಲಿ ಮೂಡುಬಿದಿರೆಯಲ್ಲಿ ಎದ್ದ ಸಾವಿರ ಕಂಬದ ಬಸದಿಯ ಕಂಬಗಳೂ ಕಗ್ಗಲ್ಲಿನವು. ಬಾವಿಯ ಕಟ್ಟೆ, ಗದ್ದೆಯ ಅಂಚು, ಮನೆಯ ಪಂಚಾಂಗ, ಪಾಗಾರ, ಇವೆಲ್ಲ ಮುರಕಲ್ಲಿನವು. ಒಂದು ಕಾಲಕ್ಕೆ ಮನೆ ಕಟ್ಟುವವರು ತಮ್ಮ ಪಾರೆಯಲ್ಲಿಯೇ ಕಲ್ಲು ಕಡಿಸಿ ಗೋಡೆ ಎಬ್ಬಿಸುತ್ತಿದ್ದರು. ಅದಕ್ಕೆ ಲೆಕ್ಕವೂ ಇರಲಿಲ್ಲ, ಕಾಗದವೂ ಇರಲಿಲ್ಲ. ಪೇಟೆಗಳು ಬೆಳೆದು, ಕಲ್ಲು ಕಡಿಯುವ ಯಂತ್ರಗಳು ಬಂದು, ಲಾರಿಗಳು ತೋಟದ ಬಾಗಿಲಿಗೇ ಬಂದು ನಿಂತ ಮೇಲೆ ಏನೂ ಬೆಳೆಯದ ಪಾರೆಗೂ ಬೆಲೆ ಬಂದಿತು. ಕಲ್ಲುಕೋರೆಯೆಂಬುದು ವ್ಯಾಪಾರವಾಯಿತು. ವ್ಯಾಪಾರವೆಂದ ಮೇಲೆ ಕಾಗದ ಹಿಂಬಾಲಿಸಲೇಬೇಕು.

ಒಂದು ಶಬ್ದ, ಮೂರು ಮುಖ

ಕಾಗದ ತಪ್ಪುವುದು ಹೆಚ್ಚಾಗಿ ಲೆಕ್ಕದಲ್ಲಲ್ಲ, ಶಬ್ದದಲ್ಲಿ. ‘ರಾಯಲ್ಟಿ’ ಎಂಬ ಒಂದೇ ಮಾತು ಮೂರು ಬೇರೆ ಬೇರೆ ಹಣಗಳಿಗೆ ಅಂಟಿಕೊಂಡಿದೆ.

ಮೊದಲನೆಯದು ಸರಕಾರಕ್ಕೆ ಸಲ್ಲುವ ರಾಜಧನ. ೧೯೫೭ರ ಗಣಿ ಮತ್ತು ಖನಿಜ ಕಾಯಿದೆಯು ಕಟ್ಟಡದ ಕಲ್ಲು, ಮರಳು, ಸಾಮಾನ್ಯ ಜೇಡಿಮಣ್ಣು ಮುಂತಾದವನ್ನು ಉಪಖನಿಜಗಳೆಂದು ಕರೆದು, ಅವುಗಳ ನಿಯಮಗಳನ್ನು ರಚಿಸುವ ಅಧಿಕಾರವನ್ನು ರಾಜ್ಯಗಳಿಗೆ ಬಿಟ್ಟಿತು. ಕರ್ನಾಟಕದಲ್ಲಿ ೧೯೯೪ರ ಉಪಖನಿಜ ರಿಯಾಯಿತಿ ನಿಯಮಗಳು ಹೀಗೆ ಹುಟ್ಟಿದವು. ಮಂಜೂರಾತಿಯ ಷರತ್ತಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ ನೆಲದಡಿಯ ಖನಿಜದ ಹಕ್ಕು ಸರಕಾರದ್ದೆಂದು ೧೯೬೪ರ ರಾಜ್ಯ ಭೂಕಂದಾಯ ಕಾಯಿದೆ ಸಾರುತ್ತದೆ. ಆದುದರಿಂದ ನೆಲ ಯಾರದೇ ಆಗಿರಲಿ, ಕಲ್ಲು ಮೇಲೆ ಬಂದಾಗ ಸರಕಾರಕ್ಕೆ ರಾಜಧನ ಸಲ್ಲಬೇಕು.

ಎರಡನೆಯದು ನೆಲದ ಒಡೆಯನಿಗೆ ಸಲ್ಲುವ ಪಾಲು. ಗುತ್ತಿಗೆದಾರನು ಪಾರೆಯನ್ನು ವಹಿಸಿಕೊಂಡು, ವರ್ಷಕ್ಕೆ ಇಷ್ಟೆಂದೋ ಲೋಡಿಗೆ ಇಷ್ಟೆಂದೋ ಒಡೆಯನಿಗೆ ಕೊಡುತ್ತಾನೆ. ಮೂಲಗೇಣಿ, ಚಾಲಗೇಣಿಗಳ ಈ ನಾಡಿನಲ್ಲಿ ಹಳಬರು ಇದನ್ನು ಗೇಣಿಯೆಂದೇ ಕರೆದಾರು. ಹಾಗೆ ಕರೆದಿದ್ದರೆ ಅರ್ಧ ತೊಂದರೆ ತಪ್ಪುತ್ತಿತ್ತು. ಆದರೆ ಕರಾರುಪತ್ರದಲ್ಲಿ ಇದಕ್ಕೂ ‘ರಾಯಲ್ಟಿ’ ಎಂದೇ ಬರೆಯುವುದು ರೂಢಿಯಾಗಿದೆ.

ಮೂರನೆಯದು ಗ್ರಂಥಕರ್ತನಿಗೆ, ಹೊಸ ಯಂತ್ರವನ್ನು ಕಂಡುಹಿಡಿದವನಿಗೆ, ವ್ಯಾಪಾರಚಿಹ್ನೆಯ ಒಡೆಯನಿಗೆ ಸಲ್ಲುವ ಗೌರವಧನ. ೧೯೬೧ರ ಆದಾಯ ತೆರಿಗೆ ಕಾಯಿದೆಯ ೧೯೪–ಜೆ ಸೆಕ್ಷನ್ನಿನಲ್ಲಿ ‘ರಾಯಲ್ಟಿ’ ಎಂದಾಗ ಉದ್ದೇಶಿಸಿದ್ದು ಈ ಮೂರನೆಯದನ್ನು. ಆ ಸೆಕ್ಷನ್ನಿನಲ್ಲಿಯೇ ವೈದ್ಯರು, ವಕೀಲರು, ಎಂಜಿನಿಯರರು ಪಡೆಯುವ ವೃತ್ತಿಶುಲ್ಕವೂ ಸೇರಿತ್ತು. ಗುತ್ತಿಗೆದಾರನ ಗುಮಾಸ್ತನು ಕರಾರುಪತ್ರದಲ್ಲಿ ‘ರಾಯಲ್ಟಿ’ ಎಂಬ ಮಾತನ್ನು ಕಂಡು, ಪಟ್ಟಿಯಲ್ಲಿಯೂ ಅದೇ ಮಾತಿರುವ ಸೆಕ್ಷನ್ನನ್ನು ಹುಡುಕಿ ಬರೆದುಬಿಟ್ಟರೆ, ಕಲ್ಲು ಕೊಟ್ಟವನು ಕಾದಂಬರಿಕಾರನಾಗುತ್ತಾನೆ.

ನೆಲವನ್ನು ಬಳಸಿದ್ದಕ್ಕೆ ಕೊಡುವ ಬಾಡಿಗೆಯಾದರೆ ಅದಕ್ಕೆ ೧೯೪–ಐ ಎಂಬ ಬೇರೆಯೇ ಸೆಕ್ಷನ್ನು ಇತ್ತು. ೨೦೨೪–೨೫ನೆಯ ಸಾಲಿನಲ್ಲಿ ವರ್ಷಕ್ಕೆ ೨,೪೦,೦೦೦ ರೂಪಾಯಿ ಮೀರಿದ ಬಾಡಿಗೆಯಿಂದ ನೂರಕ್ಕೆ ೧೦ರಂತೆ ತೆರಿಗೆಯನ್ನು ಮೂಲದಲ್ಲಿಯೇ ಹಿಡಿಯಬೇಕಿತ್ತು. ೧೯೪–ಜೆಯಲ್ಲಿಯೂ ಇಂಥ ಶುಲ್ಕಕ್ಕೆ ದರ ನೂರಕ್ಕೆ ೧೦. ಹಿಡಿದ ಹಣ ಎರಡರಲ್ಲಿಯೂ ಒಂದೇ. ಆದುದರಿಂದಲೇ ಈ ತಪ್ಪು ಮೊದಲಿಗೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನೊಂದು ಸೂಕ್ಷ್ಮವೂ ಉಂಟು. ಗಣಿ ಅಥವಾ ಕಲ್ಲುಕೋರೆಯ ಹಕ್ಕನ್ನೇ ವ್ಯಾಪಾರಕ್ಕಾಗಿ ಇನ್ನೊಬ್ಬನಿಗೆ ಗುತ್ತಿಗೆ ಕೊಟ್ಟಾಗ ಅದೇ ಕಾಯಿದೆಯ ೨೦೬–ಸಿ ಸೆಕ್ಷನ್ನು ನದಿಯನ್ನು ಹಿಂದಕ್ಕೆ ಹರಿಸುತ್ತಿತ್ತು. ಅಲ್ಲಿ ಕೊಡುವವನು ತೆರಿಗೆಯನ್ನು ಹಿಡಿಯುವುದಲ್ಲ. ಹಕ್ಕು ಕೊಟ್ಟವನು ಹಕ್ಕು ಪಡೆದವನಿಂದ ನೂರಕ್ಕೆ ೨ರಂತೆ ತೆರಿಗೆಯನ್ನು ವಸೂಲು ಮಾಡಿ ಸರಕಾರಕ್ಕೆ ಕಟ್ಟಬೇಕು. ಸರಕಾರವೇ ಗುತ್ತಿಗೆ ಕೊಟ್ಟಾಗಲೂ ಈ ವಸೂಲಿ ನಡೆಯುತ್ತದೆ. ಹೀಗಾಗಿ ಬರೀ ನೆಲವನ್ನು ಬಾಡಿಗೆಗೆ ಕೊಟ್ಟದ್ದೋ, ಕೋರೆಯ ಹಕ್ಕನ್ನು ಬಿಟ್ಟುಕೊಟ್ಟದ್ದೋ, ಕಡಿದ ಕಲ್ಲನ್ನು ಎಣಿಸಿ ಮಾರಿದ್ದೋ ಎಂಬುದು ಕರಾರುಪತ್ರದ ಮಾತಿನಿಂದಲೇ ತೀರ್ಮಾನವಾಗಬೇಕು. ಪಂಚಾಂಗ ವಾಲಿದರೆ ಗೋಡೆ ನೆಟ್ಟಗೆ ನಿಲ್ಲದು.

ಅಡಿಕೆಯೂ ಕಲ್ಲೂ ಒಂದೇ ಅಲ್ಲ

ವೇಣೂರಿನ ಯಜಮಾನರ ತೊಂದರೆಗೆ ಗುತ್ತಿಗೆದಾರನ ಗುಮಾಸ್ತನೊಬ್ಬನೇ ಕಾರಣನಲ್ಲ. ಅವರು ತಮ್ಮ ರಿಟರ್ನನ್ನು ಪೇಟೆಯ ಒಂದು ಅಂಗಡಿಯಲ್ಲಿ ತುಂಬಿಸಿದ್ದರು. “ಆದಾಯ ಎಲ್ಲಿಯದು?” ಎಂದು ಅಂಗಡಿಯವನು ಕೇಳಿದ. “ಎಲ್ಲವೂ ಜಾಗದ್ದೇ” ಎಂದರು ಇವರು. ಅಡಿಕೆಯ ಹಣ, ಕರಿಮೆಣಸಿನ ಹಣ, ಕಲ್ಲಿನ ಹಣ ಮೂರೂ ಕೃಷಿ ಆದಾಯವೆಂಬ ಒಂದೇ ಕಾಲಮಿನಲ್ಲಿ ಕುಳಿತವು. ಹಿಡಿದಿದ್ದ ೩೬,೦೦೦ ರೂಪಾಯಿ ಮಾತ್ರ ಮರಳಿ ಬರಬೇಕೆಂದು ಕೇಳಲಾಯಿತು.

ಬೆಂಗಳೂರಿನ ಕೇಂದ್ರೀಕೃತ ಪರಿಶೀಲನಾ ಕೇಂದ್ರದ ಯಂತ್ರಕ್ಕೆ ಪಾರೆಯೂ ಗೊತ್ತಿಲ್ಲ, ತೋಟವೂ ಗೊತ್ತಿಲ್ಲ. ಅದು ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿತು. ಒಂದರಲ್ಲಿ ೩,೬೦,೦೦೦ ರೂಪಾಯಿ ವೃತ್ತಿಯ ಬಗೆಯ ಆದಾಯ, ಇನ್ನೊಂದರಲ್ಲಿ ಅಂಥ ಆದಾಯವೇ ಇಲ್ಲ. ಆದರೂ ಅದರ ಮೇಲಿನ ತೆರಿಗೆ ಹಿಂದಕ್ಕೆ ಬೇಕಂತೆ! ಯಂತ್ರವು ರಿಟರ್ನನ್ನು ದೋಷಯುಕ್ತವೆಂದು ಗುರುತಿಸಿ, ೧೫ ದಿನಗಳೊಳಗೆ ಸರಿಪಡಿಸಬೇಕೆಂದು ೧೩೯(೯)ನೆಯ ಸೆಕ್ಷನ್ನಿನಡಿ ನೋಟೀಸು ಕಳುಹಿಸಿತು.

ಕೃಷಿಭೂಮಿಯಿಂದ ಬಂದದ್ದೆಲ್ಲ ಕೃಷಿ ಆದಾಯವೆಂಬ ನಂಬಿಕೆ ಬಹಳ ಹಳೆಯದು. ಕಾನೂನು ಅದನ್ನು ಅಷ್ಟೇ ಹಿಂದಿನಿಂದ ಅಲ್ಲಗಳೆಯುತ್ತ ಬಂದಿದೆ. ೧೯೫೭ರಲ್ಲಿ ಬಿನಯಕುಮಾರ ಸಹಸ ರಾಯ್ ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ನೆಲವನ್ನು ಉತ್ತು ಬಿತ್ತಿ ನೆಡುವಂಥ ಮೂಲಭೂತ ಕೆಲಸಗಳಿದ್ದರೇ ಕೃಷಿ ಎಂದು ವಿವರಿಸಿತು. ಕಲ್ಲನ್ನು ಯಾರೂ ನೆಟ್ಟು ನೀರೆರೆದು ಬೆಳೆಸುವುದಿಲ್ಲ. ಆದುದರಿಂದ ಕಲ್ಲುಕೋರೆಯ ಆದಾಯಕ್ಕೆ ಕೃಷಿಯ ವಿನಾಯಿತಿ ಇಲ್ಲ. ಕಟ್ಟಡವಿಲ್ಲದ ಬರೀ ನೆಲದ ಬಾಡಿಗೆಯಾದುದರಿಂದ ಅದು ಮನೆ ಬಾಡಿಗೆಯ ಕಾಲಮಿಗೂ ಸೇರದು. ಒಡೆಯನು ತಾನೇ ಕೋರೆ ನಡೆಸದೆ ಪಾಲನ್ನು ಮಾತ್ರ ಪಡೆಯುವವನಾದರೆ ಅದು ಸಾಮಾನ್ಯವಾಗಿ ‘ಇತರ ಮೂಲಗಳ ಆದಾಯ’. ಅದನ್ನು ಗಳಿಸಲೆಂದೇ ಮಾಡಿದ ಖರ್ಚಿದ್ದರೆ ಕಳೆಯಬಹುದು.

ಕೃಷಿ ಆದಾಯಕ್ಕೆ ತೆರಿಗೆ ಇಲ್ಲವೆಂಬುದು ನಿಜ. ಆದರೆ ೧೯೭೩ರಿಂದೀಚೆಗೆ, ಅದು ನಿಗದಿತ ಮೊತ್ತವನ್ನು ಮೀರಿ, ಬೇರೆ ಆದಾಯವೂ ವಿನಾಯಿತಿಯ ಮಿತಿಯನ್ನು ಮೀರಿದಾಗ, ದರವನ್ನು ನಿಶ್ಚಯಿಸಲು ಮಾತ್ರ ಅದನ್ನು ಸೇರಿಸಿ ಲೆಕ್ಕಹಾಕುವ ಪದ್ಧತಿ ಬಂದಿತು. ಇದೇ ಕಾರಣದಿಂದ, ೫,೦೦೦ ರೂಪಾಯಿಗಿಂತ ಹೆಚ್ಚು ಕೃಷಿ ಆದಾಯವಿದ್ದವರು ‘ಸಹಜ್’ ಎಂಬ ಮೊದಲನೆಯ ನಮೂನೆಯನ್ನು ತುಂಬುವಂತಿರಲಿಲ್ಲ. ತೋಟವಿರುವ ಸಂಸಾರಕ್ಕೆ ಎರಡನೆಯ ನಮೂನೆ, ತಾನೇ ಕೋರೆ ನಡೆಸುವವನಿಗೆ ವ್ಯಾಪಾರದ ನಮೂನೆ. ಹೆಸರು ಸಹಜವೆಂದು ಕಂಡ ಮಾತ್ರಕ್ಕೆ ಎಲ್ಲರಿಗೂ ಅದು ಸಹಜವಲ್ಲ.

“ಪಾರೆ ಕರಗುತ್ತಾ ಬರುತ್ತದೆ, ಹೋದದ್ದು ಮತ್ತೆ ಬೆಳೆಯುವುದಿಲ್ಲ. ಇದು ಆಸ್ತಿಯನ್ನೇ ತುಂಡುತುಂಡಾಗಿ ಮಾರಿದ ಹಾಗಲ್ಲವೇ? ಆದಾಯ ಹೇಗಾದೀತು?” ಯಜಮಾನರ ಈ ಪ್ರಶ್ನೆ ತೀರ ನ್ಯಾಯವಾದದ್ದೇ. ರಾಮಗಢದ ರಾಜಾ ಕಾಮಾಖ್ಯ ನಾರಾಯಣ ಸಿಂಗರು ಕಲ್ಲಿದ್ದಲ ಗಣಿಯ ವಿಷಯದಲ್ಲಿ ಇದೇ ವಾದವನ್ನು ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೂ ಒಯ್ದಿದ್ದರು. ೧೯೪೩ರಲ್ಲಿ ಬಂದ ತೀರ್ಪು ಅವರ ಪರವಾಗಿರಲಿಲ್ಲ. ಗುತ್ತಿಗೆಯ ಆರಂಭದಲ್ಲಿ ಒಮ್ಮೆಗೇ ಕೊಡುವ ‘ಸಲಾಮಿ’ ಬಂಡವಾಳದ ಸ್ವರೂಪದ್ದು, ಆದರೆ ಅಗೆದಂತೆ ಅಗೆದಂತೆ ಬರುವ ರಾಯಲ್ಟಿ ಆದಾಯವೇ ಸರಿ ಎಂದು ಅದು ಹೇಳಿತು. ಇಂದಿಗೂ ಮುಂಗಡದ ಗಂಟು ಬೇರೆ, ಲೋಡಿನ ಲೆಕ್ಕದ ಹಣ ಬೇರೆ ಎಂದು ಕರಾರಿನಲ್ಲಿ ಬಿಡಿಸಿ ಬರೆಯಬೇಕೆನ್ನುವುದು ಇದಕ್ಕಾಗಿಯೇ.

ಅಮೆರಿಕದಲ್ಲಿ ಮಕ್ಕಳಿರುವ ಮನೆಗಳಲ್ಲಿ ಈ ಹೋಲಿಕೆ ಸ್ವಾರಸ್ಯವೆನಿಸಬಹುದು. ಅಲ್ಲಿ ಸಾಮಾನ್ಯವಾಗಿ ನೆಲದ ಒಡೆಯನೇ ಖನಿಜಕ್ಕೂ ಒಡೆಯ. ಅವನಿಗೆ ಬರುವ ೧೦೯೯ ಎಂಬ ನಮೂನೆಯಲ್ಲಿ ಬಾಡಿಗೆಗೊಂದು ಚೌಕ, ರಾಯಲ್ಟಿಗೆ ಇನ್ನೊಂದು ಚೌಕ. ಬರೆದವನು ಚೌಕ ತಪ್ಪಿದರೆ ‘ತಿದ್ದಿದ್ದು’ ಎಂದು ಗುರುತು ಹಾಕಿ ಅವನೇ ಹೊಸ ನಮೂನೆಯನ್ನು ಕಳುಹಿಸಬೇಕು. ಗಣಿ ಕರಗುವುದಕ್ಕೆಂದು ಅಲ್ಲಿನ ಕಾನೂನು ಆದಾಯದಲ್ಲಿ ಒಂದಂಶವನ್ನು ಬಿಟ್ಟುಕೊಡುತ್ತದೆ. ಕಲ್ಲು, ಮರಳುಗಳಿಗೆ ಅದು ನೂರಕ್ಕೆ ೫. ವೇಣೂರಿನ ಪಾರೆಗೆ ಅಂಥ ಕರುಣೆ ಇಲ್ಲ.

ಬಿಟ್ಟುಹೋದ ಮಾತಿನ ಕಥೆ

ಬಡ ಗುಮಾಸ್ತನು ಒಂದು ಶಬ್ದದಲ್ಲಿ ಎಡವಿದನೆಂದು ನಗುವವರು, ಅದೇ ಶಬ್ದದಲ್ಲಿ ದೇಶದ ಅತ್ಯುನ್ನತ ನ್ಯಾಯಪೀಠವೂ ಎಡವಿತ್ತೆಂಬುದನ್ನು ನೆನೆಯಬೇಕು. ೧೯೮೯ರಲ್ಲಿ ಇಂಡಿಯಾ ಸಿಮೆಂಟ್ಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಏಳು ಮಂದಿ ನ್ಯಾಯಾಧೀಶರ ಪೀಠವು “ರಾಯಲ್ಟಿ ಒಂದು ತೆರಿಗೆ” ಎಂಬರ್ಥದ ಮಾತನ್ನು ಬರೆಯಿತು. ೨೦೦೪ರಲ್ಲಿ ಕೇಶೋರಾಂ ಮೊಕದ್ದಮೆಯನ್ನು ವಿಚಾರಿಸಿದ ಐವರ ಪೀಠ, ಅದು ಬರೆವಣಿಗೆಯಲ್ಲಿ ಆದ ಜಾರುವಿಕೆ, “ರಾಯಲ್ಟಿಯ ಮೇಲಿನ ಸೆಸ್ಸು ಒಂದು ತೆರಿಗೆ” ಎಂದಿರಬೇಕಿತ್ತು ಎಂದಿತು. ಏಳು ಮಂದಿಯ ಮಾತನ್ನು ಐದು ಮಂದಿ ತಿದ್ದಬಹುದೇ? ೨೦೧೧ರಲ್ಲಿ ಪ್ರಶ್ನೆಯು ಒಂಬತ್ತು ಮಂದಿಯ ಪೀಠಕ್ಕೆ ಹೋಯಿತು.

೨೦೨೪ರ ಜುಲೈ ೨೫ರಂದು ಮುಖ್ಯ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಅವರಿದ್ದ ಆ ಪೀಠ ಎಂಟಕ್ಕೆ ಒಂದರ ಬಹುಮತದಿಂದ, ರಾಯಲ್ಟಿ ತೆರಿಗೆಯಲ್ಲವೆಂದೂ ಖನಿಜವನ್ನು ತೆಗೆಯುವ ಹಕ್ಕಿಗೆ ಪ್ರತಿಯಾಗಿ ಸಲ್ಲುವ ಹಣವೆಂದೂ ತೀರ್ಪು ಕೊಟ್ಟಿತು. ಒಪ್ಪದೆ ಬೇರೆ ತೀರ್ಪು ಬರೆದವರು ಕನ್ನಡನಾಡಿನವರೇ ಆದ ನ್ಯಾಯಮೂರ್ತಿ ಬಿ. ವಿ. ನಾಗರತ್ನ. ಅದೇ ಆಗಸ್ಟ್ ೧೪ರಂದು, ರಾಜ್ಯಗಳು ೨೦೦೫ರ ಏಪ್ರಿಲ್ ೧ರಿಂದ ಈಚಿನ ಬಾಕಿಯನ್ನು ವಸೂಲು ಮಾಡಬಹುದೆಂದೂ ಅದನ್ನು ೨೦೨೬ರ ಏಪ್ರಿಲ್ ೧ರಿಂದ ಮೊದಲುಗೊಂಡು ೧೨ ವರ್ಷಗಳ ಕಂತುಗಳಲ್ಲಿ ಪಡೆಯಬೇಕೆಂದೂ ನ್ಯಾಯಾಲಯ ಹೇಳಿತು. ಮೂವತ್ತೈದು ವರ್ಷಗಳ ವ್ಯಾಜ್ಯಕ್ಕೆ ಬೀಜವಾದದ್ದು ಒಂದು ವಾಕ್ಯದಲ್ಲಿ ಬಿಟ್ಟುಹೋದ ಒಂದು ಮಾತು.

ನೆರೆಯ ಮಲಬಾರಿನ ಒಂದು ತೀರ್ಪೂ ಇಲ್ಲಿ ಸ್ಮರಣೀಯ. ಹಿಂದೆ ಮಲಬಾರೂ ದಕ್ಷಿಣ ಕನ್ನಡವೂ ಮದರಾಸು ಪ್ರಾಂತದ ಎರಡು ಜಿಲ್ಲೆಗಳು. ೨೦೧೩ರಲ್ಲಿ ತ್ರೇಸ್ಯಮ್ಮ ಜೇಕಬ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಮಲಬಾರಿನ ಜನ್ಮಭೂಮಿಯ ಒಡೆಯರಿಗೆ ನೆಲದಡಿಯ ಖನಿಜವೂ ಸೇರಿದ್ದೆಂದೂ, ಕಾನೂನಿನ ಕ್ರಮದಿಂದ ಕಿತ್ತುಕೊಳ್ಳದ ಹೊರತು ಆ ಹಕ್ಕು ನೆಲವನ್ನು ಅನುಸರಿಸುತ್ತದೆಂದೂ ಹೇಳಿತು. ಇದನ್ನು ಓದಿ ತನ್ನ ಪಾರೆಗೆ ಪರವಾನಿಗೆಯೇ ಬೇಡವೆಂದು ಭಾವಿಸಿದವನು ಮಾತ್ರ ಕೆಟ್ಟನು. ಒಡೆತನ ಬೇರೆ, ಅಗೆಯುವುದಕ್ಕೆ ಬೇಕಾದ ಅನುಮತಿ ಬೇರೆ.

ಹೆಸರು ತಪ್ಪಿದಾಗ

ಸೆಕ್ಷನ್ನಿನ ತಪ್ಪಿಗಿಂತ ಹೆಚ್ಚು ಮನಸ್ಸು ಕೆಡಿಸುವುದು ಹೆಸರಿನ ತಪ್ಪು. ಮೂಡುಬಿದಿರೆಯ ಕಡೆ ಮೂವರು ಒಡಹುಟ್ಟಿದವರ ಹೆಸರಿನಲ್ಲಿ ಜಂಟಿ ಆರ್.ಟಿ.ಸಿ. ಇರುವ ಒಂದು ಪಾರೆಯನ್ನು ಭಾವಿಸಬಹುದು. ಹಣವನ್ನು ಅಣ್ಣ ಪಡೆದು ಮೂರು ಪಾಲು ಮಾಡುತ್ತಾನೆ. ಗುತ್ತಿಗೆದಾರನಿಗೆ ಗೊತ್ತಿರುವುದು ಅಣ್ಣನ ಪಾನ್ ನಂಬ್ರ ಒಂದೇ. ವರ್ಷದ ಕೊನೆಗೆ ಮೂವರ ಆದಾಯವೂ ಅಣ್ಣನ ತಲೆಯ ಮೇಲೆ. ತಂಗಿಯ ಪಾಲಿಗೂ ತೆರಿಗೆ ಕಟ್ಟಬೇಕಾಗಿ ಬಂದು, ಅಣ್ಣ ಅದನ್ನು ಪಾಲಿನಲ್ಲಿ ಮುರಿದುಕೊಂಡರೆ, ಮನೆಯೊಳಗೆ ಮಾತು ನಿಲ್ಲಲು ಅಷ್ಟೇ ಸಾಕು.

ಆದಾಯ ಯಾರದೋ ತೆರಿಗೆಯ ಜಮೆಯೂ ಅವರದೇ ಎಂಬುದು ಕಾನೂನಿನ ಮೂಲತತ್ತ್ವ. ಹಿಂದಿನ ಕಾಯಿದೆಯ ೩೭–ಬಿಎ ನಿಯಮದಂತೆ, ಯಾರ ಹೆಸರಿನಲ್ಲಿ ತೆರಿಗೆ ಹಿಡಿಯಲಾಗಿದೆಯೋ ಅವರು ಗುತ್ತಿಗೆದಾರನಿಗೆ ಒಂದು ಘೋಷಣಾಪತ್ರವನ್ನು ಬರೆದುಕೊಟ್ಟು, ಪಾಲುದಾರರ ಹೆಸರು, ವಿಳಾಸ, ಪಾನ್ ನಂಬ್ರ ಮತ್ತು ಪಾಲಿನ ಕಾರಣವನ್ನು ತಿಳಿಸಿದರೆ, ಅವನು ಜಮೆಯನ್ನು ಅವರವರ ಹೆಸರಿಗೆ ತೋರಿಸಬೇಕು. ಈ ಒಂದು ಹಾಳೆಯನ್ನು ಕರಾರಿನ ದಿನವೇ ಕೊಟ್ಟುಬಿಟ್ಟರೆ ಮುಂದೆ ಅಣ್ಣತಂಗಿಯರು ಒಬ್ಬರನ್ನೊಬ್ಬರು ನೋಡಿ ಮುಖ ತಿರುಗಿಸಬೇಕಾಗಿಲ್ಲ.

ತಂದೆ ತೀರಿಕೊಂಡ ಮೇಲೂ ಅವರ ಪಾನ್ ನಂಬ್ರದಲ್ಲಿಯೇ ತೆರಿಗೆ ಹಿಡಿಯುತ್ತಾ ಹೋಗುವುದು ಇನ್ನೊಂದು ಬಗೆ. ಬೊಜ್ಜದ ಗಡಿಬಿಡಿಯಲ್ಲಿ ಗುತ್ತಿಗೆದಾರನಿಗೆ ಕಾಗದ ಬರೆಯಬೇಕೆಂದು ಯಾರಿಗೆ ತಾನೇ ಹೊಳೆದೀತು? ಆದರೆ ಮರಣದ ಅನಂತರದ ಆದಾಯ ವಾರಸುದಾರರದು. ಅದನ್ನು ಅವರ ಹೆಸರಿಗೆ ತಿದ್ದಿಸದಿದ್ದರೆ ಜಮೆ ತೀರಿಹೋದವರ ಹೆಸರಿನಲ್ಲಿಯೇ ಉಳಿಯುತ್ತದೆ.

ಮೊತ್ತದ ತಪ್ಪೂ ಅಪರೂಪವಲ್ಲ. ಪರವಾನಿಗೆ ಒಡೆಯನ ಹೆಸರಿನಲ್ಲಿದ್ದು, ಸರಕಾರದ ರಾಜಧನವನ್ನು ಗುತ್ತಿಗೆದಾರನು ಅವನ ಪರವಾಗಿ ಕಟ್ಟಿ, ಆ ಮೊತ್ತವನ್ನೂ ಒಡೆಯನಿಗೇ ಕೊಟ್ಟದ್ದೆಂದು ಬರೆದರೆ, ಕೈಗೆ ಬಾರದ ಹಣ ಆದಾಯವಾಗಿ ಕಾಣಿಸುತ್ತದೆ. ಚಲನುಗಳ ಪ್ರತಿಯನ್ನು ಇಟ್ಟುಕೊಂಡವನು ಮಾತ್ರ ಇದಕ್ಕೆ ಉತ್ತರ ಕೊಡಬಲ್ಲನು.

ತಿದ್ದುವ ದಾರಿ

“ಈಗ ಏನು ಮಾಡುವುದು? ನಾನೇ ಇದನ್ನು ಹೊಡೆದು ಬರೆದುಬಿಡಲೇ?” ಎಂದು ಯಜಮಾನರು ಪೆನ್ನಿಗೆ ಕೈಹಾಕಿದರು.

“ಮಾಡಬಾರದ ಕೆಲಸ ಅದೊಂದೇ” ಎಂದರು ಲೆಕ್ಕಪರಿಶೋಧಕರು. “ಕಾಗದ ಬರೆದವರೇ ತಿದ್ದಬೇಕು. ತಾವು ಕೇಳಬೇಕು. ಕೇಳಿದ್ದಕ್ಕೆ ಸಾಕ್ಷಿ ಇಟ್ಟುಕೊಳ್ಳಬೇಕು.”

ಅವರು ಹೇಳಿಕೊಟ್ಟ ಕ್ರಮ ಹೀಗಿತ್ತು. ಮೊದಲು, ಗುತ್ತಿಗೆದಾರನು ಕೊಟ್ಟ ಪ್ರಮಾಣಪತ್ರ, ಇಲಾಖೆಯ ತೆರಿಗೆ ಜಮೆಯ ಪಟ್ಟಿ ಮತ್ತು ಬ್ಯಾಂಕಿನ ಪಾಸ್‌ಬುಕ್ಕು, ಈ ಮೂರನ್ನೂ ಒಂದರ ಪಕ್ಕದಲ್ಲಿ ಒಂದಿಟ್ಟು ಹೆಸರು, ಪಾನ್ ನಂಬ್ರ, ವರ್ಷ, ಮೊತ್ತ, ಸೆಕ್ಷನ್ನುಗಳನ್ನು ಒಂದೊಂದಾಗಿ ತಾಳೆ ನೋಡುವುದು. ಎರಡನೆಯದಾಗಿ, ಕಂಡ ತಪ್ಪನ್ನು ವಿವರಿಸಿ, ಕರಾರುಪತ್ರದ ಪ್ರತಿಯನ್ನು ಲಗತ್ತಿಸಿ ಗುತ್ತಿಗೆದಾರನಿಗೆ ನೋಂದಾಯಿತ ಅಂಚೆಯಲ್ಲಿ ಪತ್ರ ಬರೆಯುವುದು. ಅವನು ಮೂರು ತಿಂಗಳಿಗೊಮ್ಮೆ ಸಲ್ಲಿಸಿದ ಹೇಳಿಕೆಗೆ ತಿದ್ದುಪಡಿ ಹೇಳಿಕೆಯನ್ನು ಸಲ್ಲಿಸಿದರೆ ಇಲಾಖೆಯ ಪಟ್ಟಿ ತಾನಾಗಿ ಸರಿಹೋಗುತ್ತದೆ. ಅದಕ್ಕೂ ಕಾಲಮಿತಿ ಉಂಟು, ಆದುದರಿಂದ ‘ನಾಳೆ ನೋಡೋಣ’ ಎನ್ನಬಾರದು. ಮೂರನೆಯದಾಗಿ, ಇಲಾಖೆಯ ಜಾಲತಾಣದ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ‘ಈ ವಿವರ ಸ್ವಲ್ಪ ಮಟ್ಟಿಗೆ ತಪ್ಪು’ ಎಂದು ತಿಳಿಸುವ ಅವಕಾಶವಿದೆ, ಅದನ್ನು ಉಪಯೋಗಿಸಬೇಕು. ಹಾಗೆ ತಿಳಿಸಿದೊಡನೆ ತಪ್ಪು ಅಳಿಯದು, ಆದರೆ ತೆರಿಗೆದಾರನು ಸುಮ್ಮನೆ ಕುಳಿತಿರಲಿಲ್ಲವೆಂದು ದಾಖಲೆಯಾಗುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಗುತ್ತಿಗೆದಾರನು ತಿದ್ದಲಿ, ತಿದ್ದದಿರಲಿ, ರಿಟರ್ನಿನಲ್ಲಿ ಆದಾಯವನ್ನು ಅದರ ನಿಜವಾದ ಸ್ಥಳದಲ್ಲಿಯೇ ತೋರಿಸಬೇಕು. ಕಾಗದ ತಪ್ಪೆಂದು ಆದಾಯವನ್ನೇ ಮುಚ್ಚಿಡುವುದೂ ತಪ್ಪು, ಯಂತ್ರವನ್ನು ಮೆಚ್ಚಿಸಲು ವೈದ್ಯನೆಂದೋ ವಕೀಲನೆಂದೋ ಬರೆಯುವುದೂ ತಪ್ಪು. ಆದಾಯವನ್ನು ಕಡಿಮೆ ತೋರಿಸಿದರೆ ತಪ್ಪಿಹೋದ ತೆರಿಗೆಯ ಅರ್ಧದಷ್ಟು, ಬೇಕೆಂದೇ ಸುಳ್ಳು ತೋರಿಸಿದರೆ ಅದರ ಎರಡು ಪಟ್ಟು ದಂಡವೆಂದು ೧೯೬೧ರ ಕಾಯಿದೆ ವಿಧಿಸಿತ್ತು. ಪ್ರಾಮಾಣಿಕವಾಗಿ ತಪ್ಪಿದವನಿಗೆ ಅದೇ ಕಾಯಿದೆ ಬಾಗಿಲುಗಳನ್ನೂ ಇಟ್ಟಿತ್ತು. ದೋಷಯುಕ್ತ ರಿಟರ್ನನ್ನು ಸರಿಪಡಿಸಲು ೧೫ ದಿನ, ಕೇಳಿಕೊಂಡರೆ ಇನ್ನಷ್ಟು ಕಾಲ. ಗಡುವಿನೊಳಗೆ ಪರಿಷ್ಕೃತ ರಿಟರ್ನು. ಇಲಾಖೆಯ ಆದೇಶದಲ್ಲಿಯೇ ಎದ್ದುಕಾಣುವ ತಪ್ಪಿದ್ದರೆ ನಾಲ್ಕು ವರ್ಷಗಳೊಳಗೆ ತಿದ್ದುಪಡಿಯ ಅರ್ಜಿ. ಮರೆತ ಆದಾಯವನ್ನು ಹೆಚ್ಚಿನ ತೆರಿಗೆಯೊಡನೆ ಒಪ್ಪಿಸಲು ೨೦೨೨ರಲ್ಲಿ ಒಂದು ಹೊಸ ಬಾಗಿಲು ತೆರೆದು, ೨೦೨೫ರಲ್ಲಿ ಅದರ ಅವಧಿ ನಾಲ್ಕು ವರ್ಷಕ್ಕೆ ಏರಿತು. ಆದರೆ ಆ ಬಾಗಿಲಿನಿಂದ ಒಳಗೆ ಹೋದವನು ಹಣ ಕಟ್ಟಬಹುದೇ ಹೊರತು ಮರಳಿ ಪಡೆಯಲಾರನು.

೧೯೬೧ರ ಆ ಕಾಯಿದೆಯ ಸ್ಥಾನವನ್ನು ೨೦೨೫ರ ಆದಾಯ ತೆರಿಗೆ ಕಾಯಿದೆಯು ೨೦೨೬ರ ಏಪ್ರಿಲ್ ೧ರಿಂದ ತೆಗೆದುಕೊಂಡಿತು. ಸೆಕ್ಷನ್ನುಗಳ ಅಂಕೆ ಬದಲಾಯಿತು, ‘ತೆರಿಗೆ ವರ್ಷ’ ಎಂಬ ಹೊಸ ಹೆಸರು ಬಂದಿತು. ಅದಕ್ಕೆ ಹಿಂದಿನ ವರ್ಷಗಳ ಲೆಕ್ಕ ಹಳೆಯ ಕಾಯಿದೆಯಂತೆಯೇ ತೀರಬೇಕು. ಅಂಕೆಗಳು ಬದಲಾದಾಗ ಗುಮಾಸ್ತರು ಎಡವುವುದು ಇನ್ನೂ ಸುಲಭ. ಹೊಸ ಪಟ್ಟಿ ಕೈಗೆ ಬಂದಾಗ ತಾಳೆ ನೋಡುವ ಕೆಲಸ ಹೆಚ್ಚಿತೇ ಹೊರತು ಕಡಮೆಯಾಗಲಿಲ್ಲ.

ಟ್ರಂಕಿನೊಳಗಿನ ಕಾಗದ

ಅಂದು ಸಂಜೆ ಕರಾರುಪತ್ರವನ್ನು ಹುಡುಕಲು ಯಜಮಾನರು ಅಟ್ಟದ ತಗಡಿನ ಟ್ರಂಕನ್ನು ಇಳಿಸಿದರು. ಅಡಿಯಲ್ಲಿ ಹಳದಿಯಾದ ಒಂದು ಕಾಗದವಿತ್ತು. ಭೂಸುಧಾರಣೆಯ ಕಾಲದಲ್ಲಿ ಅವರ ತಂದೆ ಭೂನ್ಯಾಯಮಂಡಳಿಗೆ ಕೊಟ್ಟ ಫಾರಂ ನಂಬ್ರ ೭ರ ಪ್ರತಿ. ೧೯೭೪ರ ತಿದ್ದುಪಡಿಯ ಅನಂತರ ಈ ಜಿಲ್ಲೆಯ ಗೇಣಿದಾರರು ತಾವು ಉಳುವ ನೆಲ ತಮ್ಮದೆಂದು ಹೇಳಿಕೊಂಡದ್ದು ಆ ಫಾರಮಿನಲ್ಲಿ. ಅರ್ಜಿ ಕೊಡಲು ಕೊನೆಯ ಗಡುವು ೧೯೭೯ರ ಜೂನ್ ೩೦. ಕೊಟ್ಟವರು ಒಡೆಯರಾದರು. ಹೆದರಿಕೆಯಿಂದಲೋ ದಾಕ್ಷಿಣ್ಯದಿಂದಲೋ ಕೊಡದೆ ಉಳಿದವರು ಗೇಣಿದಾರರಾಗಿಯೂ ಉಳಿಯಲಿಲ್ಲ. ಸರ್ವೆ ನಂಬ್ರದ ಒಂದು ಅಂಕೆಯನ್ನು ತಪ್ಪು ಬರೆದು ವರ್ಷಗಟ್ಟಲೆ ಕಚೇರಿಯ ಮೆಟ್ಟಿಲು ಹತ್ತಿ ಇಳಿದವರೂ ಉಂಟು. ಭೂಸುಧಾರಣೆಯ ಕಾಯಿದೆಯೂ ಆದಾಯ ತೆರಿಗೆಯ ಕಾಯಿದೆಯೂ ಎರಡೂ ೧೯೬೧ರ ಹೆಸರನ್ನೇ ಹೊತ್ತವು. ಒಂದರ ಕಾಗದದಿಂದ ಈ ಮನೆಗೆ ನೆಲ ಬಂದಿತು. ಇನ್ನೊಂದರ ಕಾಗದ ಆ ನೆಲದ ಹಣವನ್ನು ತಡೆದು ನಿಲ್ಲಿಸಿತ್ತು.

“ಅಜ್ಜ ಓದಿದ್ದು ಎಷ್ಟನೆಯ ಕ್ಲಾಸು, ಅಪ್ಪಾ?” ಎಂದು ಮಗಳು ಕೇಳಿದಳು.

“ಮೂರನೆಯದು. ಆದರೆ ಈ ಫಾರಮನ್ನು ನಾಲ್ಕು ಜನರ ಹತ್ತಿರ ಓದಿಸಿ ಕೇಳಿ, ಆಮೇಲೆ ಹೆಬ್ಬೆಟ್ಟಲ್ಲ, ರುಜುವೇ ಹಾಕಿದರು.”

ಮಗಳು ಅಂದೇ ರಾತ್ರಿ ಗುತ್ತಿಗೆದಾರರಿಗೆ ಪತ್ರ ಬರೆದಳು. “ತಮ್ಮ ಮೇಲೆ ನಮಗೆ ದೂರಿಲ್ಲ, ಶಬ್ದ ತಪ್ಪಿದೆ, ತಿದ್ದಿಕೊಡಬೇಕು” ಎಂದು ವಿನಯದಿಂದಲೇ ಬರೆದು, ಕರಾರಿನ ಪ್ರತಿಯನ್ನು ಸೇರಿಸಿದಳು. ನೋಟೀಸಿನ ಹದಿನೈದು ದಿನ ಮುಗಿಯುವ ಮೊದಲೇ, ಎರಡನೆಯ ನಮೂನೆಯಲ್ಲಿ ಅಡಿಕೆ ಅಡಿಕೆಯ ಕಾಲಮಿಗೂ ಕಲ್ಲು ಇತರ ಮೂಲಗಳ ಕಾಲಮಿಗೂ ಹೋಗಿ ಕುಳಿತವು. ರಿಯಾಯಿತಿಗಳೆಲ್ಲ ಕಳೆದ ಮೇಲೆ ಆ ವರ್ಷ ಅವರು ಕಟ್ಟಬೇಕಾದ ತೆರಿಗೆ ಏನೂ ಉಳಿಯಲಿಲ್ಲ. ಗುತ್ತಿಗೆದಾರರು ತಿದ್ದುಪಡಿ ಸಲ್ಲಿಸಿದ ಸುದ್ದಿ ನವರಾತ್ರಿಗೆ ಬಂದಿತು. ದೀಪಾವಳಿ ಕಳೆದು ತುಳಸಿಪೂಜೆಯ ಹೊತ್ತಿಗೆ ೩೬,೦೦೦ ರೂಪಾಯಿ ಪಾಸ್‌ಬುಕ್ಕಿನಲ್ಲಿ ಅಚ್ಚಾಯಿತು. ಅಷ್ಟರಲ್ಲಿ ಫೀಸಿನ ಗಡುವು ಮೀರಿ, ತಾಯಿಯ ಬಳೆ ಸೊಸೈಟಿಯಲ್ಲಿ ಅಡವಿಗೆ ಹೋಗಿತ್ತು. ಹಣ ಬಂದ ಮರುದಿನ ಬಳೆ ಮನೆಗೆ ಬಂದಿತು. ನಡುವಿನ ಬಡ್ಡಿ ಮಾತ್ರ ಒಂದು ತಪ್ಪು ಶಬ್ದಕ್ಕೆ ಕೊಟ್ಟ ದಂಡ.

ಪಾರೆಯಲ್ಲಿ ಕಲ್ಲು ಮುಗಿಯುತ್ತ ಬಂದಿದೆ. ಕಡಿದು ಕಡಿದು ಶೇಡಿ ಮಣ್ಣು ಕಾಣಿಸಿಕೊಂಡಿದೆ. ಹೊಂಡದಲ್ಲಿ ಮಳೆನೀರು ನಿಂತು, ಕೆಳಗಿನ ತೋಟದ ಬಾವಿಗೆ ಬೇಸಿಗೆಯಲ್ಲಿ ಒರತೆ ಹೆಚ್ಚೀತೆಂಬ ಆಸೆ ಯಜಮಾನರದು. ಹೊಂಡಕ್ಕೆ ಬೇಲಿ ಕಟ್ಟಿಸಬೇಕೆಂಬ ಚಿಂತೆ ಅವರ ಹೆಂಡತಿಯದು. ತಿದ್ದಿ ಬಂದ ಪ್ರಮಾಣಪತ್ರವನ್ನು ಮಗಳು ಎರಡು ಪ್ರತಿ ಮಾಡಿಸಿ, ಒಂದನ್ನು ತಗಡಿನ ಟ್ರಂಕಿನಲ್ಲಿ, ಅಜ್ಜನ ಫಾರಂ ನಂಬ್ರ ೭ರ ಮೇಲೆ ಇಟ್ಟಿದ್ದಾಳೆ.